ಬೀದಿಯ ನಡುವಿನ ಗೆರೆ

ಮಾವನಿಗೆ,

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ನಿಮ್ಮೆದುರು ನಿಂತರೆ ನನಗೆ ನಾಲಿಗೆ ಏಳುವುದಿಲ್ಲ.

ಚುನಾವಣಾ ಕ್ಷೇತ್ರಗಳ ಗಡಿ ನ್ಯಾಯವಾಗಿರಬೇಕೆಂದು ನೀವು ಬರೆದ ಪುಸ್ತಕಕ್ಕೆ ಬಹುಮಾನ ಬಂದಾಗ, "ನನ್ನ ತಮ್ಮ ಪ್ರೊಫೆಸರು" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈ ಸಲ ಅವಳು ವಾರ್ಡಿನ ಚುನಾವಣೆಗೆ ನಿಲ್ಲುತ್ತಾಳೆಂದು ತಿಳಿದೇ ನೀವು ಊಟಕ್ಕೆ ಬಂದಿರಿ. "ಅಕ್ಕಾ, ನಿಂಗೆ ಯಾವ್ಯಾವ ಮನೆಯವರು ವೋಟು ಹಾಕ್ತಾರೆ?" ಎಂದಿರಿ. ಅವಳು ಕಿಟಕಿಯಿಂದ ಎದುರುಸಾಲನ್ನೆಲ್ಲ ತೋರಿಸಿದಳು.

ಈಗ ನೀವು ಎಳೆದ ವಾರ್ಡಿನ ಹೊಸ ಗಡಿ ನಮ್ಮ ಬೀದಿಯ ನಡುವೆ ಹಾದುಹೋಗಿದೆ. ಎದುರುಸಾಲು ವಾರ್ಡಿನೊಳಗೆ, ನಮ್ಮ ಮನೆ ಹೊರಗೆ. ನಮ್ಮೂರಿನ ನಿಯಮದಂತೆ ವಾರ್ಡಿನ ಹೊರಗೆ ವಾಸಿಸುವವರು ಚುನಾವಣೆಗೆ ನಿಲ್ಲುವಂತಿಲ್ಲ.

"ಅದೆಲ್ಲ ಲೆಕ್ಕಾಚಾರ ಕಣೇ, ನಿಂಗೆ ಅರ್ಥ ಆಗಲ್ಲ," ಎಂದು ಫೋನಿನಲ್ಲಿ ನನಗೆ ಹೇಳಿ ನಕ್ಕಿರಿ. ಗಡಿ ಎಳೆಯುವ ಕೆಲಸಕ್ಕೆ ನಿಮ್ಮನ್ನು ಇಟ್ಟುಕೊಂಡವರು ವಾರ್ಡಿನ ಈಗಿನ ಸದಸ್ಯರ ಕಡೆಯವರೆಂಬುದು ನನಗೂ ಅರ್ಥವಾಗಿದೆ. ನನಗೆ ಹೇಸಿಗೆಯಾಗುತ್ತದೆ. ಅಮ್ಮ ಮಾತ್ರ, "ಅವನು ಬೇಡ ಬೇಡ ಅಂದ್ರೂ ನಾನೇ ಎರಡನೇ ಸಲ ಬಡಿಸಿದ್ನಲ್ಲೇ," ಎಂದಷ್ಟೇ ಅಂದಳು.

ಇನ್ನು ನಮ್ಮಲ್ಲಿಗೆ ಊಟಕ್ಕೆ ಬರಬೇಡಿ. ನೀವು ಮರೆತುಹೋದ ಕೊಡೆಯನ್ನು ಬಾಗಿಲ ಹೊರಗೆ ಇಟ್ಟಿದ್ದೇನೆ, ಯಾರನ್ನಾದರೂ ಕಳಿಸಿ.

ಇಂದು ಬೆಳಿಗ್ಗೆ ನಾನೂ ಎದುರುಮನೆಯ ಬಡಗಿಯೂ ಸೇರಿ ಅಮ್ಮನ ಮಂಚವನ್ನು ಬೀದಿ ದಾಟಿಸಿ ಅವರ ಮಹಡಿಯ ಕೋಣೆಗೆ ಹೊತ್ತು ಹಾಕಿದೆವು.

ಇತಿ,
ನಿಮ್ಮ ಅಕ್ಕನ ಮಗಳು