ಅರಿಷಿಣ ಹಚ್ಚಿದ ಹಳಿ

ಖಂಡೇನವಮಿ, ೧೯೭೪. ವಿಜಾಪುರ.

ಇವತ್ತೂ ರೈಲು ಓಡಲಿಲ್ಲ. ನನ್ನಂತೆಯೇ ಪುಟ್ಟ ರೈಲು ಕಟ್ಟುವ ಹುಚ್ಚು ಹತ್ತಿಸಿಕೊಂಡ ಹಣಮಂತರಾಯ, ತಾನು ತಗಡಿನಲ್ಲಿ ಮಾಡಿದ ಬೋಗಿಯನ್ನು ಚೀಲದಲ್ಲಿಟ್ಟುಕೊಂಡು ತಿಕೋಟಾದಿಂದ ಬಂದಿದ್ದ. ಅದನ್ನು ನನ್ನ ಇಂಜಿನಿಗೆ ಜೋಡಿಸಿ ಮನೆಯವರಿಗೆಲ್ಲ ಓಡಿಸಿ ತೋರಿಸಬೇಕೆಂದು ಎಷ್ಟು ದಿನದಿಂದ ಕಾದಿದ್ದೆವು. ಗುಂಡಿ ಒತ್ತಿದರೆ ಇಂಜಿನು ಮಿಸುಕಲೇ ಇಲ್ಲ. ಬಗ್ಗಿ ನೋಡಿದೆ. ಹಳಿಯ ತುಂಬ ಅರಿಷಿಣ, ಅದರ ಮೇಲೆ ಕಾಯಿ ಒಡೆದ ನೀರು. ಇನ್ನು ಕರೆಂಟು ಹರಿಯುವುದಾದರೂ ಹೇಗೆ?

"ಯಾರ ಬೇ ಇದನ್ನ ಮಾಡಿದವರು?" ಎಂದು ಅವ್ವನನ್ನು ಕೇಳಿದೆ.

"ಹಬ್ಬಕ್ಕ ಬಂಡಿ, ಹತಾರಕ್ಕ ಮಾಡೂ ಹಂಗ ಇದಕ್ಕೂ ನಾನ ಪೂಜಿ ಮಾಡೇನಿ. ಇವತ್ತ ಅದನ್ನ ಹೂಡಬಾರದಪಾ. ನಾಳಿ ಬನ್ನಿ ಮುಡಿದ ಮ್ಯಾಲ ಓಡಸು."

ಹೂಡಬಾರದಂತೆ. ಎತ್ತು ಎಲ್ಲಿವೆ ಇದಕ್ಕೆ?

ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕಳು. ಹಣಮಂತರಾಯ ಬೋಗಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದ. ನಾಳೆ ಬರುತ್ತೇನೆಂದು ಹೇಳಲಿಲ್ಲ.

ಆಗಿನಿಂದ ಹಳಿ ಉಜ್ಜುತ್ತಲೇ ಇದ್ದೇನೆ, ಹಳದಿ ಬಿಡುತ್ತಿಲ್ಲ. ಈ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಹೆಂಡತಿಗೆ, ಓಣಿಯವರಿಗೆ, ಕಚೇರಿಯವರಿಗೆ ಇದೊಂದು ಆಟದ ಸಾಮಾನು. ಇದನ್ನು ನಿಜವಾದ ಬಂಡಿ ಎಂದು ತಿಳಿದವಳು ಅವ್ವ ಒಬ್ಬಳೇ. ಓಡದಂತೆ ಮಾಡಿದವಳೂ ಅವಳೇ.