ಎಚ್ಚರವಾದಾಗ ಆಡಿದ ಮಾತು

ಕಲ್ಲುಕಟ್ಟೆ, ಭದ್ರಾವತಿ ತಾಲ್ಲೂಕು
೯ ಫೆಬ್ರವರಿ ೨೦೨೫

ನನ್ನ ರಾಜಕ್ಕನಿಗೆ ಸುವರ್ಣಿಯ ನಮಸ್ಕಾರ.

ಅಕ್ಕ, ಕೂತ್ಕೊಂಡು ಓದು. ನನ್ನ ಮೈಮೇಲೆ ದೇವಿ ಬರುತ್ತಿರಲಿಲ್ಲ ಕಣೇ! ನನ್ನ ಎದೆಯೇ ಆಗಾಗ ನಿಂತುಹೋಗುತ್ತಿತ್ತು! ಫೋನ್ ಮಾಡಿದರೆ ದೇವಿಯೇ ಮಾತಾಡಿದಳು ಅಂತ ಬರೀ ಹೂಂಗುಟ್ಟುತ್ತೀಯ, ಅದಕ್ಕೇ ಈ ಕಾಗದ.

ಹೋದ ತಿಂಗಳು ನಮ್ಮೂರ ಶಾಲೆಯಲ್ಲಿ ವಯಸ್ಸಾದವರಿಗೆ ಹೃದಯ ತಪಾಸಣೆ ಕ್ಯಾಂಪ್ ಇತ್ತು. ನಾನು ಹೋಗಿದ್ದು ಮಂಡಿನೋವಿನ ಮಾತ್ರೆ ಸಿಕ್ಕೀತು ಅಂತ. ಅರ್ಷಿಯಾ ಅಂತ ಡಾಕ್ಟರ್ ಹುಡುಗಿ ನಾಡಿ ಹಿಡಿದವಳು ಬಿಡಲೇ ಇಲ್ಲ. ಅಜ್ಜಿ, ತಲೆ ಸುತ್ತಿ ಬೀಳ್ತೀರಾ ಅಂತ ಕೇಳಿದಳು. ಬೀಳೋದಲ್ಲಮ್ಮ, ದೇವಿ ಬರ್ತಾಳೆ ಅಂದೆ. ಅವಳು ನಗಲಿಲ್ಲ. ದೇವಿ ಬರೋ ಹೊತ್ತಿಗೆ ನಿಮ್ಮ ಎದೆ ಏನು ಮಾಡುತ್ತೆ ನೋಡೋಣ ಅಂತ ಒಂದು ಪುಟ್ಟ ಯಂತ್ರ ಅಂಟಿಸಿ ಕಳಿಸಿದಳು. ಮರುದಿನವೇ ಅಕ್ಕಿರೊಟ್ಟಿ ತಟ್ಟುತ್ತಾ ಬಿದ್ದೆ. ಎದೆ ನಿಂತಿದ್ದು ಯಂತ್ರಕ್ಕೆ ಸಿಕ್ಕಿಬಿತ್ತು!

ಶಿವಮೊಗ್ಗದಲ್ಲಿ ಎಡಭುಜದ ಕೆಳಗೆ ಪೇಸ್‌ಮೇಕರ್ ಇಟ್ಟರು. ಬಡಿತ ತಪ್ಪಿದರೆ ಅದೇ ತಟ್ಟಿ ಎಬ್ಬಿಸುತ್ತದಂತೆ. ನಿಮ್ಮ ಮನೆಯ ಆಚೆ ಬೀದಿಯ ಆಸ್ಪತ್ರೆಯಲ್ಲೇ ಮಲಗಿದ್ದೂ ನಿನಗೆ ಹೇಳಲಿಲ್ಲ. ಹೇಳಿದ್ದರೆ ಆಸ್ಪತ್ರೆಗೂ ಬಂದು ನನ್ನ ಕಾಲು ಮುಟ್ಟುತ್ತಿದ್ದೆ. ಅಕ್ಕ, ನನ್ನ ಜಡೆ ಎಳೆದು ಹೊಡೆಯುತ್ತಿದ್ದವಳು ನೀನು! ನೀನೇ ಕೈ ಮುಗಿದರೆ ನಾನು ಯಾರ ಜೊತೆ ಜಗಳವಾಡಲಿ? ಬಿದ್ದು ಎಚ್ಚರವಾದಾಗಲೆಲ್ಲ ಬಾಯಿಗೆ ಬಂದ ಮೊದಲ ಮಾತೇ ಊರಿಗೆಲ್ಲ ದೇವಿಯ ಅಪ್ಪಣೆ. ಒಮ್ಮೆ ಬಾಯಾರಿ ನೀರು ಅಂದೆ, ಪಕ್ಕದ ಮನೆ ಬಂಗಾರಪ್ಪ ಹಿತ್ತಲಲ್ಲಿ ಬೋರ್ ಕೊರೆಸಿದ. ನೀರೂ ಬಂತು, ಏನು ಹೇಳಲಿ!

ನಿನ್ನೆ ಕಾಲುವೆ ಏರಿ ಮೇಲೆ ಒಬ್ಬಳೇ ನಡೆದೆ. ಕಣ್ಣು ಕತ್ತಲೆ ಬರಲಿಲ್ಲ! ನಮ್ಮ ಮನೆಯವರು ಮರೆಯಲ್ಲಿ ಹಿಂದೆಯೇ ಬರುತ್ತಿದ್ದರು, ಕಂಡೂ ಕಾಣದವಳಂತೆ ಕೈಬೀಸಿ ನಡೆದೆ. ಅಪ್ಪಣೆ ಕೇಳಲು ಅಂಗಳದಲ್ಲಿ ಕಾಯುತ್ತಿದ್ದವರಿಗೆ, ದೇವಿ ಗುಡಿಯಲ್ಲೇ ಇದ್ದಾಳೆ, ಅಲ್ಲೇ ಕೇಳಿ ಅಂದೆ. ಕೆಲವರು ಬೈದುಕೊಂಡು ಹೋದರು. ನನಗೆ ಅದೂ ಖುಷಿ, ಯಾರಾದರೂ ಬೈದು ಎಷ್ಟು ಕಾಲವಾಗಿತ್ತು!

ಬರೋ ಭಾನುವಾರ ಬಸ್ಸಿಗೆ ಬರ್ತೀನಿ. ಕೈ ಮುಗಿದೆಯೋ, ಅದೇ ಬಸ್ಸಿಗೆ ವಾಪಸ್.

ನಿನ್ನ ತುಂಟ ತಂಗಿ,
ಸುವರ್ಣಿ

ತಾ.ಕ.: ಅಸಲು ವಿಷಯ ಬರೆಯೋಕೆ ಇಷ್ಟು ಹೊತ್ತು ಬೇಕಾಯಿತು. ನಿನ್ನ ಮಗಳು ಸ್ಫೂರ್ತಿ ಮೆಚ್ಚಿದ ಮಲ್ಲೇಶನಿಗೆ ಅವಳನ್ನು ಕೊಡಬಹುದೇ ಅಂತ ನೀನು ಕೇಳಲು ಬಂದ ದಿನ, ನಾನು ಕಣ್ಣು ಬಿಟ್ಟು ಬೇಡ, ಬೇಡ ಅಂದೆನಲ್ಲ? ಬಿದ್ದವಳಿಗೆ ಎಚ್ಚರ ಬರಲಿ ಅಂತ ಮನೆಯವರು ಹೆಚ್ಚಿದ ಈರುಳ್ಳಿಯನ್ನು ಮೂಗಿಗೆ ಒತ್ತಿ ಹಿಡಿದಿದ್ದರು. ನಾನು ಬೇಡ ಅಂದಿದ್ದು ಆ ಈರುಳ್ಳಿಯನ್ನು. ನೀವೆಲ್ಲ ಅಡ್ಡಬಿದ್ದಾಗ, ದೇವಿಯೇ ನುಡಿಸಿದಳೇನೋ ಅಂತ ನಾನೂ ನಂಬಿಬಿಟ್ಟೆ. ವಿಚಾರಿಸಿದ್ದೇನೆ ಅಕ್ಕ, ಹುಡುಗ ಶಂಕರಘಟ್ಟದಲ್ಲೇ ಕೆಲಸದಲ್ಲಿದ್ದಾನೆ, ಇನ್ನೂ ಮದುವೆಯಾಗಿಲ್ಲ. ನೀನು ಓದಿ ಮುಗಿಸಿದ ಕೂಡಲೇ ಈ ಕಾಗದವನ್ನು ಸ್ಫೂರ್ತಿಯ ಕೈಗೆ ಕೊಡು.