ಬೇಳೆ ಹೆಚ್ಚಾಗಿದೆ, ಅತ್ತೆ

ಮಾತೃಶ್ರೀ ಸಮಾನರಾದ ಅತ್ತೆಯವರಿಗೆ,

ನಿಮ್ಮ ಮೈಸೂರು ಸೊಸೆ ಸುಮಾಳ ನಮಸ್ಕಾರ. ಪುಣೆಯಲ್ಲಿ, ನಮ್ಮ ಖಡಕಿಯ ಮನೆಯಲ್ಲಿ ಎಲ್ಲರೂ ಉಂಡಿದ್ದೇವೆ, ಹೊಟ್ಟೆ ತುಂಬ ಉಂಡಿದ್ದೇವೆ, ಅಗ್ಗದಲ್ಲಿ ಉಂಡಿದ್ದೇವೆ. ಆ ಕೊನೆಯದನ್ನು ಹೇಳಲೆಂದೇ ಈ ಪತ್ರ. ನಾನು ಗೆದ್ದೆ, ಅತ್ತೆ! ಯಾರ ಮೇಲೆ ಅಂತೀರಾ? ನಿಮ್ಮ ಮಗರಾಯರ ಮೇಲೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಗೆದ್ದವರಿಗೆ ಅಷ್ಟು ಹಕ್ಕಿದೆ.

ಮದುವೆಯಾಗಿ ನಾನು ಈ ಮನೆಗೆ ಬಂದ ಮೊದಲ ತಿಂಗಳು ನೆನಪಿದೆಯಾ? ಚೀಲ ಹಿಡಿದು ಅಂಗಡಿಗೆ ಹೊರಟಿದ್ದೆ. ಅಡುಗೆಮನೆಯಿಂದ ನೀವು ಕೂಗಿ ಹೇಳಿದಿರಿ, "ಸುಮಾ, ಅಕ್ಕಿ ಹೆಚ್ಚಾಗೇದವಾ, ಬ್ಯಾಳೀನೂ ಹೆಚ್ಚಾಗೇದ. ನೋಡಕೋ." ನಾನು ಜಾಣೆ, ನೋಡಿಕೊಂಡೆ. ಎರಡೂ ಹೆಚ್ಚಾಗಿವೆಯಲ್ಲ ಎಂದು ಸೋಪು, ಕೊತ್ತಂಬರಿ ಮಾತ್ರ ತಂದೆ. ನೀವು ಚೀಲದೊಳಗೆ ಕೈಹಾಕಿ ತಡಕಾಡಿ, "ಅಕ್ಕಿ ಎಲ್ಲೆ ಅದ?" ಅಂದಿರಿ. "ಹೆಚ್ಚಾಗಿದೆ ಅಂದ್ರಲ್ಲ ಅತ್ತೆ!" ಅಂದೆ. ನೀವು ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಿರಿ. ನಮ್ಮ ಮನೆಯಲ್ಲಿ ಬೇಳೆ ತೀರಿದರೆ ತೀರಿತು ಅಂತಲೇ ಅನ್ನುತ್ತಿದ್ದೆವು. ನಿಮ್ಮ ಧಾರವಾಡದ ಕಡೆ ಅಡುಗೆಮನೆಯೊಳಗೆ ನಿಂತು ಇಲ್ಲ, ತೀರಿತು, ಮುಗಿಯಿತು ಎನ್ನಬಾರದು, ಲಕ್ಷ್ಮಿ ಕೇಳಿಸಿಕೊಂಡು ಹೊರಟುಬಿಡುತ್ತಾಳೆ, ಅದಕ್ಕೇ ತೀರಿದ್ದಕ್ಕೆಲ್ಲ ಹೆಚ್ಚಾಯಿತು ಎನ್ನುವುದು ಎಂದು ನೀವೇ ಬಿಡಿಸಿ ಹೇಳಿದಿರಿ. ಅಂದು ಎಲ್ಲರಿಗೂ ಉಪ್ಪಿಟ್ಟೇ ಗತಿಯಾಯಿತು.

ಹೋದ ವರ್ಷ ಶ್ರಾವಣದಲ್ಲಿ ನೀವು ನಮ್ಮನ್ನೆಲ್ಲ ಬಿಟ್ಟು ಹೋದಿರಿ. ನೆಂಟರೆಲ್ಲ ಊರಿಗೆ ಮರಳಿದ ಮೇಲೆ ಮನೆಯಲ್ಲಿ ಉಳಿದವರು ಮಾವ, ನಿಮ್ಮ ಮಗ, ನಾನು, ಮೂರೇ ಜನ. ನಾನು ಬೆಳಿಗ್ಗೆ ಸದಾಶಿವ ಪೇಠದ ಕ್ಲಾಸಿನಲ್ಲಿ ಗಣಿತ ಹೇಳಿಕೊಡಲು ಓಡುವವಳು, ಸಂಜೆ ಬಸ್ಸಿನಲ್ಲಿ ಜೋಲಿ ಹೊಡೆಯುತ್ತಾ ಬರುವವಳು. ಹಾಗಾಗಿ ಸಾಮಾನು ತರುವ ಕೆಲಸ ನಿಮ್ಮ ಮಗನ ಪಾಲಿಗೆ ಹೋಯಿತು. ಅವರ ಕೈ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕೆ? ಮೊಬೈಲಿನಲ್ಲಿ ಒತ್ತಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಡಿಲಿವರಿ ಪುಕ್ಕಟೆ ಆಗಲೆಂದು ಯಾರಿಗೂ ಬೇಡದ ಬಿಸ್ಕತ್ತು, ಚಿಪ್ಸ್ ಸೇರಿಸುವುದು ಬೇರೆ. ಜೋಳದ ರೊಟ್ಟಿಯನ್ನೂ ಹೊರಗಿನಿಂದಲೇ ತರಿಸುತ್ತಿದ್ದೆವು. ನೀವು ಎಷ್ಟು ಕಲಿಸಿದರೂ ನನ್ನ ಕೈಯಲ್ಲಿ ಅದು ಅಂಚು ಹರಿದುಕೊಳ್ಳುತ್ತಿತ್ತಲ್ಲ. ಅಷ್ಟರಲ್ಲಿ ಅವರ ಕಂಪನಿ ಓವರ್‌ಟೈಮ್ ನಿಲ್ಲಿಸಿತು.

ಈ ವರ್ಷ ಪಂಢರಪುರಕ್ಕೆ ಹೋಗುವ ಪಾಲಖಿ ಊರು ದಾಟಿ ಸಾಸವಡದ ಹಾದಿ ಹಿಡಿದ ವಾರ ಅವರು ಚಹಾ ಕುಡಿಯುತ್ತಾ ಮಾತು ತೆಗೆದರು.

"ಸುಮಾ, ನಾ ಲೆಕ್ಕಾ ಹಾಕೀನಿ. ಪೋಳಿ-ಭಾಜಿ ಕೇಂದ್ರದ್ದು ಡಬ್ಬಿ ಹಚ್ಚೋಣು. ಎರಡೂ ಹೊತ್ತಿನ ಚಪಾತಿ-ಪಲ್ಯ ಮನಿಗಽ ಬರತದ. ನಮ್ಮ ಅಡಿಗಿಮನಿ ಖರ್ಚಿಗಿಂತ ಅಗ್ಗ ಬೀಳತದ."

"ಮತ್ತೆ ಅಡುಗೆಮನೆ?"

"ಚಹಾಕ್ಕ ಇರಲಿ."

ಚಹಾಕ್ಕೆ ಇರಲಿ! ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಅತ್ತೆ, ನೀವು ಹೋದ ಮೇಲೆ ನಿಮ್ಮ ಜೊತೆ ನಾನು ಮಾತಾಡುತ್ತಿದ್ದದ್ದು ಅಲ್ಲಿ ಒಂದೇ ಕಡೆ. ಒಗ್ಗರಣೆ ಹಾಕುವಾಗ, ಸಾಸಿವೆ ಸಿಡಿಯುವ ಸದ್ದಿನಲ್ಲಿ, ಯಾರಿಗೂ ಕೇಳಿಸದ ಹಾಗೆ. ಅದನ್ನೂ ಮುಚ್ಚಿಬಿಟ್ಟರೆ ನಾನು ಎಲ್ಲಿಗೆ ಹೋಗಿ ನಿಮ್ಮನ್ನು... ಇರಲಿ ಬಿಡಿ. "ದೀಪಾವಳಿವರೆಗೆ ನನ್ನ ಕೈಗೆ ಬಿಡಿ. ಆ ಡಬ್ಬಿಗಿಂತ ಕಮ್ಮಿಯಲ್ಲಿ ಮೂರು ಜನರ ಊಟ ಆಗದಿದ್ರೆ ನಾನೇ ಫೋನ್ ಮಾಡಿ ಡಬ್ಬಿ ಹೇಳ್ತೀನಿ," ಅಂದೆ. "ಆದ್ರೆ ನಾನು ಗೆದ್ರೆ ಪ್ರತಿ ಭಾನುವಾರ ನೀವು ರೊಟ್ಟಿ ಬಡೀಬೇಕು."

"ನಾನಾ?" ಅವರು ನಕ್ಕರು. "ನಮ್ಮ ಮನ್ಯಾಗ ಗಂಡಸರು ಒಲಿ ಮುಂದ ಹೋಗಿಲ್ಲ. ಅವ್ವ ಬಿಟ್ಟಽ ಇಲ್ಲ."

ಮರಾಠಿ ಪೇಪರಿನ ಹಿಂದಿನಿಂದ ಮಾವನ ದನಿ ಬಂತು. "ಹೂಂ ಅನ್ನಲೇ ಗಿರ್ಯಾ. ನಾ ಪಂಚ." ನಿಮ್ಮ ಮಗ ಹೂಂ ಅಂದರು.

ಆ ಭಾನುವಾರ ನಿಮ್ಮ ಕಪಾಟಿನ ಬಾಗಿಲು ತೆರೆದು ಒಂದೊಂದೇ ಕೆಳಗಿಳಿಸಿದೆ. ತೊಗರಿಬೇಳೆಯ ಪೊಟ್ಟಣದ ಹಿಂದೆ ತೊಗರಿಬೇಳೆಯ ಪೊಟ್ಟಣ, ಅದರ ಹಿಂದೆ ಇನ್ನೊಂದು. ರವೆಗೆ ಹುಳ ಬಿದ್ದಿತ್ತು. ಅವಲಕ್ಕಿ ಒಂದು ಮದುವೆಮನೆಯ ಫಳಾರಕ್ಕೆ ಸಾಕಾಗುವಷ್ಟಿತ್ತು. ನಿಮ್ಮ ಮಗನನ್ನು ಕರೆದು ಮುಂದೆ ನಿಲ್ಲಿಸಿದೆ.

"ಇದೇನ್ರೀ ಇದು? ಪ್ರತಿ ಸಲ ಹೇಳಿದ್ದೀನಲ್ಲ, ತೊಗರಿಬೇಳೆ ಹೆಚ್ಚಾಗಿದೆ, ರವೆ ಹೆಚ್ಚಾಗಿದೆ ಅಂತ!"

"ಹೌದಲ್ಲ, ಹೆಚ್ಚಾಗೇದ ಅಂದಿ. ಅದಕ್ಕಽ ತಂದೆ."

"ಹೆಚ್ಚಾಗಿದೆ ಅಂದ್ರೆ ಯಾರಾದ್ರೂ ತರ್ತಾರಾ?"

"ಹೆಚ್ಚಾಗೇದ ಅಂದ್ರ ಯಾರರ ತರದಽ ಇರತಾರೇನ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏನಾಗಿತ್ತು ಗೊತ್ತಾಯಿತಾ ಅತ್ತೆ? ನೀವಿದ್ದಾಗ ಆ ಪದವನ್ನು ನಿಮ್ಮ ಅರ್ಥದಲ್ಲೇ ಆಡುತ್ತಿದ್ದೆ. ನೀವು ಹೋದ ಮೇಲೆ ನನಗೇ ತಿಳಿಯದ ಹಾಗೆ ನನ್ನ ಬಾಯಿ ಮೈಸೂರಿಗೆ ಮರಳಿಬಿಟ್ಟಿತ್ತು. ಬೇಳೆ ಅತಿಯಾಯಿತು, ತರಬೇಡಿ ಎಂದು ನಾನು ಹೇಳಿದಷ್ಟೂ ಆ ಪುಣ್ಯಾತ್ಮರು ತಂದು ಸುರಿದಿದ್ದರು. ಕಡಿಮೆ ತರಲಿ ಎಂದು ದನಿ ಏರಿಸಿದ ತಿಂಗಳು ಎರಡು ಪೊಟ್ಟಣ ಬಂದಿದ್ದವು! ನೆಲದ ಮೇಲೆ ಬೇಳೆಯ ನಡುವೆ ಕುಳಿತು ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಡುವೆ ನನಗೆ ನಿಮ್ಮ ನೆನಪಾಗಿ ಕಣ್ಣು ತುಂಬಿತು. ಸದ್ದು ಕೇಳಿ ಬಂದ ಮಾವ ಎಲ್ಲ ವಿಚಾರಿಸಿ ಅಲ್ಲೇ ಕಾನೂನು ಮಾಡಿದರು. "ತೀರಿದ್ದಕ್ಕ ಆಕಿ ಅಂದಂಗ ಹೆಚ್ಚಾಗೇದ ಅನ್ರಿ. ಖರೇನಽ ಹೆಚ್ಚಾದ್ದಕ್ಕ ಜಾಸ್ತಿ ಅನ್ರಿ. ಮುಗೀತು." ಅಡುಗೆಮನೆಯಲ್ಲೇ ನಿಂತು ಮುಗೀತು ಅಂದೆನಲ್ಲ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡರು.

ಮುಂದಿನ ತಿಂಗಳು ಹಾಲು, ತರಕಾರಿ ಬಿಟ್ಟರೆ ಏನನ್ನೂ ಕೊಳ್ಳಲಿಲ್ಲ. ನುಚ್ಚಿನುಂಡೆ ಮಾಡಿದೆ, ತೊವ್ವೆ ಮಾಡಿದೆ, ಕಪಾಟಿನಲ್ಲಿ ಕಂಡ ಬೇಳೆಗಳನ್ನೆಲ್ಲ ಬೆರೆಸಿ ಅಡೆ ದೋಸೆ ಮಾಡಿದೆ. "ಇವತ್ತೂ ತೊಗರಿ ಏನ?" ಎಂದು ನಿಮ್ಮ ಮಗ ತಟ್ಟೆ ನೋಡುತ್ತಾ ಕೇಳುವರು. "ನೀವೇ ತಂದದ್ದು, ನೀವೇ ಊಟ ಮಾಡಿ," ಎನ್ನುವೆ. ಕ್ಲಾಸಿನಲ್ಲಿ ನಾನು ಮಕ್ಕಳಿಗೆ ಹೇಳುವುದೇನು? ಕೊಟ್ಟಿರುವುದನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಕಂಡುಹಿಡಿಯಿರಿ ಅಂತ. ಮನೆಯಲ್ಲಿ ಅದನ್ನೇ ಉಲ್ಟಾ ಮಾಡುತ್ತಿದ್ದೆ. ಮನಸ್ಸಿಗೆ ಬಂದ ಅಡುಗೆ ಮೊದಲು, ಅದಕ್ಕೆ ಬೇಕಾದ ಸಾಮಾನು ಆಮೇಲೆ, ಮನೆಯಲ್ಲಿ ಏನಿದೆ ಎಂದು ನೋಡುವುದು ಎಲ್ಲಕ್ಕಿಂತ ಕೊನೆಗೆ. ಈಗ ಶನಿವಾರ ಸಂಜೆ ಫ್ರಿಜ್ಜಿನ ಮುಂದೆ ಕುಳಿತು ಲೆಕ್ಕ ಬಿಡಿಸತೊಡಗಿದೆ. ಕೊಟ್ಟಿರುವುದು: ಅರ್ಧ ಕುಂಬಳಕಾಯಿ, ಹುಳಿಯಾದ ಮೊಸರು, ಜಾಸ್ತಿಯಾದ ತೊಗರಿಬೇಳೆ. ಕಂಡುಹಿಡಿಯಬೇಕಾದದ್ದು: ಸೋಮವಾರದ ಊಟ. ಉತ್ತರ ಮಜ್ಜಿಗೆಹುಳಿ. ಬಾಡುವ ಸೊಪ್ಪು ವಾರದ ಮೊದಲಿಗೆ, ತಾಳುವ ಸೋರೆ, ಪಡವಲ ನಡುವಿಗೆ, ಎಲ್ಲಕ್ಕೂ ಗಟ್ಟಿಯಾದ ಆಲೂಗಡ್ಡೆ ಕೊನೆಗೆ. ಉಳಿದ ಚಪಾತಿ ಮರುದಿನ ಒಗ್ಗರಣೆಗೆ ಬೀಳುತ್ತಿತ್ತು.

ಒಂದು ಸಂಜೆ ಖಡಕಿ ಬಾಜಾರಿನಲ್ಲಿ ತರಕಾರಿಯವನು ಗಾಡಿ ಕಟ್ಟುವ ಹೊತ್ತಿಗೆ ಸರಿಯಾಗಿ ಹೋಗಿ ನಿಂತೆ. "ದಾದಾ, ಸಗಳೀ ಮೇಥಿ ಘೇತೆ, ಕಿತೀಲಾ ದೇಣಾರ?" ಇದ್ದ ಮೆಂತ್ಯವನ್ನೆಲ್ಲ ಎತ್ತಿಕೊಳ್ಳುತ್ತೇನೆ ಎಂದದ್ದಕ್ಕೆ ಅವನು ಅರ್ಧ ಬೆಲೆಗೆ ಇಳಿದ. ನನ್ನ ಮರಾಠಿ ಕೇಳಿದ್ದರೆ ನಿಮಗೆ ಎಷ್ಟು ಖುಷಿಯಾಗುತ್ತಿತ್ತು! ಕಲಿಸಿದವರು ನೀವೇ ಅಲ್ಲವಾ? ಕಾಟ ಕೊಟ್ಟವರು ಮಾವ ಒಬ್ಬರೇ. ಹೀರೇಕಾಯಿಯ ದಿನ ಬದನೆಕಾಯಿ ಎಣಗಾಯಿ ಬೇಕೆಂದು ಹಟ ಹಿಡಿಯುವರು. "ಪಂಚರು ಹೀಗೆಲ್ಲ ಮಧ್ಯೆ ಬರಬಾರದು ಮಾವ," ಎಂದರೆ, "ಪಂಚಗ ಹಸಿವಿ ಇರೂದಿಲ್ಲೇನವಾ?" ಎನ್ನುವರು. ಒಂದೆರಡು ಸಲ ಸೋತು ಮಾಡಿಕೊಟ್ಟೆ.

ಗಣಪತಿ ಹಬ್ಬದಲ್ಲಿ ಬೆಳಗಾವಿಯಿಂದ ನಿಮ್ಮ ತಮ್ಮ ಹೆಂಡತಿ ಮಕ್ಕಳೊಡನೆ ಬಂದಿಳಿದರು. ಫೋನಿಲ್ಲ, ಸುದ್ದಿಯಿಲ್ಲ, ಪುಣೆಯ ಗಣಪತಿಗಳನ್ನು ನೋಡಿಕೊಂಡು ಹೋಗಲು ನಾಲ್ಕು ದಿನದ ಬಿಡಾರ. ನಿಮ್ಮ ಮಗನ ಮುಖ ನೋಡಬೇಕಿತ್ತು! ಸೋದರಮಾವ ಬಂದ ಸಂತೋಷವೋ, ನಾನು ಮುಳುಗಿದ ಸಂತೋಷವೋ, ಬಗ್ಗಿ ನನ್ನ ಕಿವಿಯಲ್ಲಿ, "ಹೋತು ನಿಂದು," ಅಂದರು. ಹಬ್ಬದ ಹೊತ್ತಿನಲ್ಲಿ ಬಂದ ನೆಂಟರಿಗೆ ಹೋಳಿಗೆ ಇಲ್ಲದೆ ಆಗುತ್ತದೆಯೆ? ನಿಮ್ಮಲ್ಲಿ ಹೂರಣಕ್ಕೆ ಕಡಲೆಬೇಳೆ, ಅದು ಮನೆಯಲ್ಲಿರಲಿಲ್ಲ. ಆದರೆ ನನ್ನ ತವರಿನಲ್ಲಿ ಒಬ್ಬಟ್ಟಿಗೆ ಬೇಯಿಸುವುದು ಯಾವ ಬೇಳೆ? ತೊಗರಿಬೇಳೆ! ರಾಶಿ ಬಿದ್ದಿತ್ತಲ್ಲ. ಹೂರಣ ರುಬ್ಬಿ ಹೋಳಿಗೆ ಮಾಡಿದೆ, ಬೇಳೆ ಬೆಂದ ಕಟ್ಟಿನಿಂದ ಸಾರು ಮಾಡಿದೆ. ನಿಮ್ಮ ತಮ್ಮ ಮೊದಲ ತುತ್ತಿಗೇ ಹುಬ್ಬು ಗಂಟಿಕ್ಕಿ, "ಇದು ಕಡ್ಲಿಬ್ಯಾಳಿ ಅಲ್ಲಲ್ಲ?" ಅಂದರು. "ತೊಗರಿಬೇಳೆ ಮಾಮಾ, ನಮ್ಮ ಕಡೆ ಹೀಗೇ," ಅಂದೆ. ಅವರು ಮೆಲ್ಲುತ್ತಾ ತುಪ್ಪದ ಬಟ್ಟಲು ಹತ್ತಿರ ಎಳೆದುಕೊಂಡರು. "ಭಾಳ ಮೆತ್ತಗ ಆಗೇದವಾ. ಇನ್ನೊಂದು ಹಾಕು." ಆ ತಿಂಗಳು ಕೂದಲೆಳೆಯಲ್ಲಿ ಪಾರಾದೆ.

ನರಕ ಚತುರ್ದಶಿಯ ಹಿಂದಿನ ದಿನ ಮಾವ ಕನ್ನಡಕ ಏರಿಸಿ, ನನ್ನ ಖರ್ಚಿನ ಲೆಕ್ಕ ಹಿಡಿದು ನಡುಮನೆಯಲ್ಲಿ ಪಂಚಾಯಿತಿ ಕೂಡಿಸಿದರು. ನಿಮ್ಮ ಮಗ ಬಿಡುವವರೆ?

"ಗ್ಯಾಸ ಲೆಕ್ಕಕ್ಕ ಹಿಡದೀ ಏನ?"

"ಹಿಡಿದಿದ್ದೀನಿ."

"ಎಣ್ಣಿ?"

"ಹಿಡಿದಿದ್ದೀನಿ."

"ಮಾಮಾ ಬಂದದ್ದು?"

"ಅದೂ ಇದೆ. ನಿಮ್ಮ ಚಿಪ್ಸೂ ಇದೆ, ನೋಡಿ."

ಮಾವ ಎರಡು ಸಲ ಕೂಡಿದರು. ನನಗೆ ಉತ್ತರ ಗೊತ್ತಿದ್ದರೂ ಅವರ ಜೊತೆಗೇ ಮನಸ್ಸಿನಲ್ಲಿ ಕೂಡುತ್ತಾ ಹೋದೆ. ಕೊನೆಗೆ ಕನ್ನಡಕ ತೆಗೆದು ಮಗನ ಕಡೆ ತಿರುಗಿದರು. "ಡಬ್ಬಿಗಿಂತ ಕಡಿಮಿ. ಅದರ ಮ್ಯಾಲೆ ಚಕ್ಕಲಿ ಎಣ್ಣಿಗೂ ಉಳದದ. ಸೋತಿಲೇ ಗಿರ್ಯಾ." ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ಕಾಕೂ ಬಾಗಿಲು ತೆರೆದು, "ಕಾಯ ಝಾಲಂ?" ಏನಾಯಿತೋ ಎಂದು ಗಾಬರಿಯಾದರು. "ಜಿಂಕಲೇ ಕಾಕೂ, ಜಿಂಕಲೇ!" ಗೆದ್ದೆ, ಗೆದ್ದೆ ಎಂದು ಮೆಟ್ಟಿಲಿಗೆಲ್ಲ ಕೇಳುವಂತೆ ಕೂಗಿದೆ. ಹುಚ್ಚಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ನಿಮ್ಮ ಅಡುಗೆಮನೆ ಉಳಿದಿತ್ತು.

ಹಬ್ಬ ಕಳೆದ ಮೊದಲ ಭಾನುವಾರ ನಿಮ್ಮ ಮಗ ಬಚ್ಚಲಿನಿಂದ ಹೊರಗೇ ಬರಲಿಲ್ಲ. ಮಾತು ಕೊಟ್ಟವರು, ಎಷ್ಟು ಹೊತ್ತು ಒಳಗಿದ್ದಾರು? ಬಿಸಿನೀರು ಸುರಿದು ಹಿಟ್ಟು ನಾದಿದರು, ಕೈ ಸುಟ್ಟುಕೊಂಡರು. ಮೊದಲ ರೊಟ್ಟಿ ಬಡಿಯುವ ಪರಾತದ ತಟ್ಟೆಯಲ್ಲೇ ಹರಿಯಿತು, ಇನ್ನೊಂದು ಹಂಚಿಗೆ ಅಂಟಿತು. ನಾನು ಬಾಗಿಲಿಗೆ ಒರಗಿ ನಿಂತು ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ? ಒಂದೆರಡು ವಾರ ಹೀಗೇ ಹೋಯಿತು. ನೀವು ಇದ್ದಿದ್ದರೆ ಮಗ ಒಲೆಯ ಮುಂದೆ ನಿಂತದ್ದಕ್ಕೆ ನನ್ನನ್ನು ಬೈಯುತ್ತಿದ್ದಿರೋ, ಅವರನ್ನು ಸರಿಸಿ ನೀವೇ ಕೂರುತ್ತಿದ್ದಿರೋ...

ಕಳೆದ ಭಾನುವಾರ ಅವರ ಕೈ ಕುದುರಿತು. ಮಾವ ಸ್ನಾನ ಮುಗಿಸಿ ನಡುಮನೆಯಲ್ಲಿ ಅಡ್ಡಾಗಿದ್ದರು. ಎರಡು ಜೋರು, ಒಂದು ಮೆಲ್ಲಗೆ, ಆಮೇಲೆ ರೊಟ್ಟಿ ತಿರುಗಿಸುವಷ್ಟು ಸಣ್ಣ ಬಿಡುವು. ಮತ್ತೆ ಎರಡು ಜೋರು, ಒಂದು ಮೆಲ್ಲಗೆ. ಅತ್ತೆ, ಅದು ನಿಮ್ಮ ಬಡಿತ! ನನ್ನ ಪಕ್ಕದಲ್ಲಿ ನಿಂತು ನೀವು ಕಲಿಸಿದರೂ ನನ್ನ ಕೈಗೆ ಹತ್ತದ್ದು ಅವರಿಗೆ ಯಾರು ಹೇಳಿಕೊಟ್ಟರು? ಚಿಕ್ಕಂದಿನಿಂದ ಗೋಡೆಯ ಆಚೆ ಮಲಗಿ ಕೇಳಿದ್ದು ತಾನಾಗಿ ಕೈಗೆ ಇಳಿದಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ, ಬರಿಗಾಲಲ್ಲಿ, ತಲೆಗೂದಲು ಕೆದರಿಕೊಂಡು.

"ನೀರು ಬೇಕಾ ಮಾವ?" ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಮಗನ ಕೈಗಳನ್ನೇ ನೋಡುತ್ತಿದ್ದರು. "ಕಣ್ಣು ಹತ್ತಿತ್ತು," ಅಂದರು. "ಆಕಿ ಎದ್ದಾಳ ಅಂದ್ಕೊಂಡೆ."

ನಿಮ್ಮ ಮಗನ ಕೈ ನಿಂತುಬಿಟ್ಟಿತು. ಮಾವ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಹೊಸ್ತಿಲ ಬಳಿ ಕುಳಿತರು.

"ನಿಲ್ಲಸಬ್ಯಾಡೋ," ಅಂದರು. "ಬಡಿ."

ಇನ್ನು ನಿಲ್ಲುವುದಿಲ್ಲ, ಅತ್ತೆ. ಪ್ರತಿ ಭಾನುವಾರ ಅವರು ಬಡಿಯುತ್ತಾರೆ, ನಾನು ಬಡಿಸುತ್ತೇನೆ.

ನಿಮ್ಮ ಸೊಸೆ,
ಸುಮಾ